ಬೀಗರ ಕಾರ್ಖಾನೆ ಬೆಳೆಯದ ಕಾರಣ

ಬೀಗ ತಯಾರಿಸುವ ಆ ಕಾರ್ಖಾನೆಯ ಮಾಲೀಕರು ಇಬ್ಬರು ಬೀಗರು. ಈ ಮಾತು ಕೇಳಿದವರೆಲ್ಲ ಒಮ್ಮೆ ನಕ್ಕೇ ಮುಂದಕ್ಕೆ ಹೋಗುವುದರಿಂದ ನಾವೂ ಆ ನಗೆಯನ್ನು ಇಲ್ಲೇ ನಕ್ಕು ಮುಗಿಸಿಬಿಡುವುದು ಒಳ್ಳೆಯದು. ಗಂಡಿನ ಕಡೆಯವರದು ಹಿತ್ತಾಳೆ ಎರಕದ ಶೆಡ್ಡು. ಅದಕ್ಕೆ ಅಂಟಿಕೊಂಡೇ ಇದ್ದದ್ದು ಹೆಣ್ಣಿನ ಕಡೆಯವರ ಕೀಲಿಕೈ ಕೊರೆಯುವ ಶೆಡ್ಡು. ಮಕ್ಕಳಿಗೆ ಮದುವೆಯಾದ ಮೇಲೆ ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡಿದರು. ಆ ಮಕ್ಕಳು ಮಾತ್ರ ಬೀಗದ ತಂಟೆಗೇ ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಹಲ್ಲಿನ ಡಾಕ್ಟರು. ಮುಚ್ಚುವುದು ಅಪ್ಪಂದಿರ ಕಸುಬಾದರೆ ಬಾಯಿ ತೆರೆಸುವುದು ಮಕ್ಕಳ ಕಸುಬು.

ಕೆಲಸಗಾರರ ಬಾಯಲ್ಲಿ ಗಂಡಿನ ಕಡೆಯವರು ದಪ್ಪ ಬೀಗರು, ಹೆಣ್ಣಿನ ಕಡೆಯವರು ಸಣ್ಣ ಬೀಗರು. ದಪ್ಪ ಬೀಗರು ಪ್ರತಿ ಮಾತಿಗೂ ಮೊದಲು ‘ಹೂಂ’ ಎಂದು ಗಂಟಲಲ್ಲೊಂದು ಲಾರಿ ಸ್ಟಾರ್ಟ್ ಮಾಡುವರು. ಮಾತು ಮುಗಿದಾಗ ಅಂಗೈಯಿಂದ ಮೇಜು ಬಡಿದು ಬ್ರೇಕ್ ಹಾಕುವರು. ಸಣ್ಣ ಬೀಗರ ಮಾತು ಮೂಗಿನಿಂದ ಹೊರಟು ‘ನೋಡಿ ಮತ್ತೆ’ ಎಂಬಲ್ಲಿಗೆ ಬಂದು ನಿಲ್ಲುವುದು. ಅಷ್ಟರೊಳಗೆ ಒಮ್ಮೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸದಿದ್ದರೆ ಅವರಿಗೆ ವಾಕ್ಯವೇ ಪೂರ್ತಿಯಾಗದು.

ಇವರ ನಡುವೆ ಬಂದು ಕುಳಿತವಳು ಮ್ಯಾನೇಜ್‌ಮೆಂಟ್ ಕಾಲೇಜಿನ ಒಬ್ಬ ಸಂಶೋಧಕಿ. ಕಂಪನಿಗಳು ಹೇಗೆ ಬೆಳೆಯುತ್ತವೆ ಎನ್ನುವುದು ಅವಳ ಡಾಕ್ಟರೇಟಿನ ವಿಷಯ. ಬೆಳೆದ ಕಂಪನಿಗಳ ಹಿಂದೆ ನೂರಾರು ಜನ ಬಿದ್ದಿದ್ದರು, ಮುಳುಗಿದವುಗಳ ಹೆಣ ಕೊಯ್ಯುವುದಕ್ಕೂ ಸರತಿ ಸಾಲಿತ್ತು. ಬೆಳೆಯದೆ, ಮುಳುಗದೆ, ಗೋಡೆ ಒಡೆದ ದಿನ ಇದ್ದಷ್ಟೇ ಗಾತ್ರದಲ್ಲಿ ಇವತ್ತೂ ಇರುವ ಈ ಕಾರ್ಖಾನೆಯನ್ನು ಯಾರೂ ನೋಡಿರಲಿಲ್ಲ. ಇವರ ಬೀಗ ಕೆಟ್ಟಿತೆಂದು ಹೇಳಿದವರಿಲ್ಲ. ಅಂಗಡಿಯವರು ಇನ್ನಷ್ಟು ಕೊಡಿ ಎಂದು ಕೇಳುತ್ತಲೇ ಇರುತ್ತಾರೆ. ಎದುರು ಸಾಲಿನಲ್ಲಿ ಮೊಳೆ ಮಾಡುತ್ತಿದ್ದವರು ಈಗ ಹಡಗಿನಲ್ಲಿ ಮೊಳೆ ಕಳಿಸುತ್ತಾರೆ. ಹಾಗಾದರೆ ಇವರು ಯಾಕೆ ನಿಂತಲ್ಲೇ ನಿಂತರು? ಈ ‘ಯಾಕೆ’ಯನ್ನು ಹಿಡಿದುಕೊಂಡು ಅವಳು ಎರಕದ ಒಲೆಯಿಂದ ಪಾಲಿಶ್ ಚಕ್ರದವರೆಗೆ ಸುತ್ತಿದಳು. ಅರ ಹಾಕುವವನನ್ನು ಕೇಳಿದಳು, ಸ್ಪ್ರಿಂಗ್ ಕೂರಿಸುವವಳನ್ನು ಕೇಳಿದಳು, ಊಟದ ಡಬ್ಬಿ ಬಿಚ್ಚಿದವರನ್ನೂ ಬಿಡಲಿಲ್ಲ. ತಿಂಗಳು ತುಂಬುವುದರೊಳಗೆ ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಗಿ, ಯಾಕಮ್ಮ ಎಂಬುದೇ ಖಾಯಂ ಆಯಿತು. ಅವಳಿಗೂ ಅದರಿಂದೇನೂ ಬೇಸರವಿರಲಿಲ್ಲ. ಮನೆಯಲ್ಲಿ ಚಿಕ್ಕಮ್ಮ ಇದಕ್ಕಿಂತ ಕೆಟ್ಟ ಹೆಸರಿಟ್ಟಿದ್ದಳು.

ಕಾರ್ಖಾನೆಯ ದೊಡ್ಡ ವಿಷಯಗಳೆಲ್ಲ ಸೋಮವಾರ ಬೆಳಿಗ್ಗೆ, ಗಾಜಿನ ಕೋಣೆಯಲ್ಲಿ, ಇಬ್ಬರು ಬೀಗರ ನಡುವೆ ಚರ್ಚೆಯಾಗುತ್ತಿದ್ದವು. ಯಾಕಮ್ಮ ಮೂಲೆಯ ಸ್ಟೂಲಿನಲ್ಲಿ ಕೂತು, ಅವರ ಒಪ್ಪಿಗೆ ಪಡೆದು, ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವಳು. ಬುಧವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುವಳು. ಆ ವರ್ಷ ಚರ್ಚೆಗೆ ಬಂದಿದ್ದು ಒಂದೇ ವಿಷಯ. ಊರಿನ ಆಚೆ ಅಂಚಿನಲ್ಲಿ ಸಾಲು ಸಾಲು ಮನೆ ಕಟ್ಟುತ್ತಿದ್ದ ಒಬ್ಬ ಬಿಲ್ಡರು ಅಷ್ಟೂ ಬಾಗಿಲುಗಳಿಗೆ ಇವರದೇ ಬೀಗ ಬೇಕೆಂದಿದ್ದ. ಒಪ್ಪುವುದಾದರೆ ಅಲ್ಲೇ ಹತ್ತಿರ ಎರಡನೆಯ ಶೆಡ್ಡು ಹಾಕಬೇಕು.

ಇಲ್ಲಿಯೇ ಅವಳಿಗೆ ಒಂದು ವಿಚಿತ್ರ ಕಂಡದ್ದು. ಒಬ್ಬರೇ ಸಿಕ್ಕಾಗ ದಪ್ಪ ಬೀಗರು, ಶೆಡ್ಡು ಹಾಕಲೇಬೇಕು ಎಂದು ಗೋಡೆ ಅದುರುವಂತೆ ಹೇಳುವರು. ಅದೇ ಮನುಷ್ಯ ಸೋಮವಾರದ ಸಭೆಯಲ್ಲಿ ಇದ್ದಕ್ಕಿದ್ದಂತೆ ದನಿ ತೆಳ್ಳಗೆ ಮಾಡಿಕೊಂಡು, ಯಾಕೆ ಬೇಕು ಬೀಗರೇ ಈ ವಯಸ್ಸಿನಲ್ಲಿ ಈ ಉಸಾಬರಿ, ಇರುವುದೇ ಸಾಲದೆ, ನೋಡಿ ಮತ್ತೆ, ಎನ್ನುವರು. ಜೊತೆಗೆ ಕನ್ನಡಕವನ್ನೇ ಹಾಕದ ಆ ಮಹಾಶಯರು ಮೂಗಿನ ಮೇಲಿನಿಂದ ಇಲ್ಲದ್ದೇನನ್ನೋ ತೆಗೆದು ಅಂಗಿಗೆ ಒರೆಸುವರು! ಅತ್ತ ಸಣ್ಣ ಬೀಗರು, ಒಬ್ಬರೇ ಇದ್ದಾಗ ಶೆಡ್ಡೆಂದರೆ ಮುಖ ಹುಳ್ಳಗೆ ಮಾಡುವವರು, ಸಭೆಯಲ್ಲಿ ‘ಹೂಂ’ ಎಂದು ಕೆಮ್ಮಿ, ಬೀಗರೇ, ಬಿಲ್ಡರಿಗೆ ಇವತ್ತೇ ಒಪ್ಪಿಗೆ ಕೊಡೋಣ ಎಂದು ಮೇಜು ಬಡಿಯುವರು. ಕೈ ಸಣ್ಣದಾದ್ದರಿಂದ ಸದ್ದು ಮಾತ್ರ ಅಷ್ಟು ಬರುತ್ತಿರಲಿಲ್ಲ.

ಮೊದಲ ಸಲ ಅವಳು ಇದನ್ನು ‘ಸಭೆಯ ದನಿ’ ಎಂದುಕೊಂಡಳು. ಚಿಕ್ಕಮ್ಮನಿಗೂ ಫೋನಿಗೆ ಒಂದು ದನಿ, ತರಕಾರಿಯವನಿಗೆ ಒಂದು ದನಿ ಇತ್ತಲ್ಲ. ವಾರ ವಾರವೂ ಹೀಗೇ ಆದಾಗ ಓಡಿಹೋಗಿ ಗೈಡಿಗೆ ಹೇಳಿದಳು. ಗೈಡು ಎಂದರೆ ಅವಳ ಪ್ರೊಫೆಸರು. ಬೆಳಗಿನ ತಿಂಡಿಗೆ ಏನು ಎಂದು ಕೇಳಿದರೂ ‘ಅಂದರೆ, ಒಂದು ಅರ್ಥದಲ್ಲಿ’ ಎಂದೇ ಶುರು ಮಾಡುವ ಮನುಷ್ಯ. ಅಂದರೆ, ಒಂದು ಅರ್ಥದಲ್ಲಿ ಇದು ಚಿನ್ನದ ಗಣಿ, ಎಂದರು. ಹೊರಗೊಂದು ಮಾತು, ಒಳಗೊಂದು ಮಾತು. ನಾಳೆ ಏನು ಹೆಚ್ಚುಕಡಿಮೆಯಾದರೂ ಯಾರ ಮೇಲೂ ತಪ್ಪು ಬರಬಾರದೆಂಬ ಜಾಣತನ. ಇದಕ್ಕೆ ‘ಎರಡು ನಾಲಿಗೆಯ ತಂತ್ರ’ ಎಂದು ನಾಮಕರಣವನ್ನೂ ಅವರೇ ಮಾಡಿದರು. ಯಾಕಮ್ಮ ಅಧ್ಯಾಯ ಬರೆದಳು. ದೊಡ್ಡದೊಂದು ಸಮ್ಮೇಳನ ಅದನ್ನು ಮಂಡಿಸಲು ಕರೆಯಿತು. ಸಂಶೋಧನೆಗೆ ಸಿಕ್ಕಿದ್ದ ಕಡೆಯ ಗಡುವು ಮುಗಿಯುತ್ತ ಬಂದಿತ್ತು. ಈ ಅಧ್ಯಾಯ ನಿಂತರೆ ಡಾಕ್ಟರೇಟು, ಬಿದ್ದರೆ ಇಷ್ಟು ವರ್ಷದ ಓದು ನೀರಿನಲ್ಲಿ ಹೋಮ.

ಉಳಿದದ್ದು ಒಂದೇ ಶಾಸ್ತ್ರ. ಯಾರ ಬಗ್ಗೆ ಬರೆದಿದೆಯೋ ಅವರು ಕೇಳಿ ಒಪ್ಪಬೇಕು. ಒಂದು ಶುಕ್ರವಾರ ಗಾಜಿನ ಕೋಣೆಯಲ್ಲಿ ಕೂತು ಅವಳು ಇಬ್ಬರಿಗೂ ಅಧ್ಯಾಯ ಓದಿ ಹೇಳಿದಳು. ಕಟುವಾದ ಕಡೆ ದನಿ ತಗ್ಗಿಸಿ, ಮೃದುವಾದ ಕಡೆ ಏರಿಸಿ, ಹೇಗೋ ದಾಟಿಸಿದಳು.  ಮುಗಿದಾಗ ಸಣ್ಣ ಬೀಗರ ಮೂಗಿನಿಂದ ಕುಕ್ಕರಿನ ಸೀಟಿಯಂಥದೊಂದು ಹೊರಟಿತು. ಅವರು ನಗುತ್ತಿದ್ದರು. ದಪ್ಪ ಬೀಗರು ನಗಲಿಲ್ಲ.

“ಹೂಂ. ಎರಡು ನಾಲಿಗೆ ಅಂದ್ರೇನಮ್ಮ? ನನಗಿರೋದು ಒಂದೇ. ಅದನ್ನೂ ಸೋಮವಾರ ಬೀಗರಿಗೆ ಬಾಡಿಗೆ ಕೊಟ್ಟಿರ್ತೀನಿ.”

ಯಾಕಮ್ಮನಿಗೆ ಅರ್ಥವಾಗಲಿಲ್ಲ. ಸಣ್ಣ ಬೀಗರು ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದರು. ಗೋಡೆ ಒಡೆದ ಹೊಸತರಲ್ಲಿ, ಬೀಗದ ಕೊಂಡಿಗೆ ಯಾವ ಪಾಲಿಶ್ ಎಂಬ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿತಂತೆ. ಇಲ್ಲಿ ಇವರು ಮಾತು ಬಿಟ್ಟರೆ ಅಲ್ಲಿ ಹೊಸದಾಗಿ ಮದುವೆಯಾದ ಮಕ್ಕಳೂ ಮಾತು ಬಿಟ್ಟರು. ಹುಡುಗಿ ತನ್ನ ಅಪ್ಪನ ಕಡೆ, ಹುಡುಗ ತನ್ನ ಅಪ್ಪನ ಕಡೆ. ಅಪ್ಪಂದಿರಿಗೆ ಜೀವ ಝಲ್ಲೆಂದಿತು. ಅಲ್ಲಿಂದ ಒಂದು ಕಟ್ಟಳೆ ಮಾಡಿಕೊಂಡರು: ಬೀಗರ ಮುಖಕ್ಕೆ ಎದುರು ಮಾತಾಡುವುದು ಬೇಡ. ಸಭೆಯಲ್ಲಿ ಯಾರೂ ತಮ್ಮ ಪರ ವಾದಿಸುವ ಹಾಗಿಲ್ಲ. ಇವರ ಮಾತು ಅವರು ಆಡಬೇಕು, ಅವರ ಮಾತು ಇವರು. ಆಡುತ್ತ ಆಡುತ್ತ ದನಿಯೂ ಬಂತು, ಕೆಮ್ಮೂ ಬಂತು, ಕನ್ನಡಕವೂ ಬಂತು. ಈಗ ಬಿಡಬೇಕೆಂದರೂ ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತು.

“ನನಗೆ ಯಾರೂ ಹೇಳಲೇ ಇಲ್ಲ,” ಎಂದಳು ಯಾಕಮ್ಮ. ಮುಖ ಪಾಲಿಶ್ ಮಾಡದ ಹಿತ್ತಾಳೆಯಂತಾಗಿತ್ತು.

“ನೀವು ಕೇಳಬೇಕಿತ್ತಲ್ಲಮ್ಮ,” ಎಂದರು ಸಣ್ಣ ಬೀಗರು. “ಯಾಕೆ ಅಂತ ಎಷ್ಟು ಸಲ ಕೇಳಿದ್ರಿ. ಇದು ಯಾರ ಮಾತು ಅಂತ ಒಂದು ಸಲನಾದ್ರೂ ಕೇಳಿದ್ರಾ? ನೋಡಿ ಮತ್ತೆ.”

ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದಳು. ಒಗೆದ ಬಟ್ಟೆ ಮಡಚುತ್ತಿದ್ದ ಚಿಕ್ಕಮ್ಮ ಸಂಗತಿ ಕೇಳಿ, ವರ್ಷವಿಡೀ ಕೂತು ಇಬ್ಬರು ಗಂಡಸರಲ್ಲಿ ಯಾರು ಮಾತಾಡುತ್ತಿದ್ದಾರೆ ಅನ್ನುವುದು ತಿಳಿಯಲಿಲ್ಲವಾದರೆ ನಿನಗೆ ಡಾಕ್ಟರೇಟು ಕೊಡುವುದಕ್ಕಿಂತ ಕಿವಿಯ ಡಾಕ್ಟರ ಹತ್ತಿರ ಕಳಿಸುವುದು ಮೇಲು, ಎಂದಳು. ಹಾಗಂದವಳೇ ಅವಳ ಮುಂದೆ ಚಹಾದ ಲೋಟವನ್ನೂ ಇಟ್ಟಳು.

ಅಳುವುದೋ ಬಿಡುವುದೋ ಎಂದು ತೂಗುತ್ತಿದ್ದ ಯಾಕಮ್ಮನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಸರಿ, ಸೋಮವಾರದ ಮಾತುಗಳನ್ನು ಅದಲುಬದಲು ಮಾಡೋಣ. ದಪ್ಪ ಬೀಗರ ಬಾಯಿಂದ ಬಂದದ್ದು ಸಣ್ಣವರದು, ಸಣ್ಣವರಿಂದ ಬಂದದ್ದು ದಪ್ಪದವರದು. ಹಾಗೆ ಮಾಡಿದರೆ ಉಳಿದದ್ದೆಲ್ಲ ಸರಿಹೊಂದಬೇಕಲ್ಲ? ಅವಳು ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಮೊದಲಿನಿಂದ ಕೇಳತೊಡಗಿದಳು.

ಸರಿಹೊಂದಲಿಲ್ಲ. ಬುಧವಾರಗಳು ಕುಣಿಯುತ್ತಿದ್ದವು. ಒಂದು ಬುಧವಾರ, ಒಬ್ಬರೇ ಕೂತು, ತಮ್ಮದೇ ಗಡಸು ದನಿಯಲ್ಲಿ ಶೆಡ್ಡು ಬೇಕೆಂದ ದಪ್ಪ ಬೀಗರು ಮುಂದಿನ ಬುಧವಾರ ಅದೇ ದನಿಯಲ್ಲಿ, ಬೇಡ ಬಿಡಮ್ಮ, ಬೀಗರು ಹೇಳಿದ್ದರಲ್ಲಿ ಹುರುಳಿದೆ, ಎಂದಿದ್ದರು. ಅದೇ ದಿನ ಸಣ್ಣ ಬೀಗರು, ಬೀಗರು ಹೇಳುವುದೇ ಸರಿ, ಹಾಕಿಬಿಡೋಣ, ಎಂದಿದ್ದರು. ಮರುವಾರ ಇಬ್ಬರೂ ತಿರುಗಿ ಮೊದಲಿನ ಜಾಗಕ್ಕೆ! ಇದನ್ನೆಲ್ಲ ಅವಳು ಎರಡು ನಾಲಿಗೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡಿದ್ದಳು. ಈಗ ಚಹಾ ಆರುತ್ತಿದ್ದಂತೆ ಅವಳಿಗೆ ತಲೆಯೊಳಗೆ ಬೆಳಕಾಯಿತು. ಇವರು ಎದುರಿನವರ ಪರವಾಗಿ ವಾದಿಸುತ್ತಾರೆ, ಸುಮ್ಮನೆ ಶಾಸ್ತ್ರಕ್ಕಲ್ಲ, ಅವರ ಗಂಟಲಿನಿಂದ, ಅವರ ಕನ್ನಡಕದಿಂದ ನೋಡಿ ವಾದಿಸುತ್ತಾರೆ. ಎಷ್ಟು ಚೆನ್ನಾಗಿ ವಾದಿಸುತ್ತಾರೆಂದರೆ ತಮ್ಮ ವಾದಕ್ಕೆ ತಾವೇ ಸೋಲುತ್ತಾರೆ. ಇವರು ಅತ್ತ ಹೋದರೆ ಅವರು ಇತ್ತ ಬಂದಿರುತ್ತಾರೆ. ತಕ್ಕಡಿಯ ಎರಡೂ ತಟ್ಟೆ ಜಾಗ ಬದಲಿಸಿದರೆ ಮುಳ್ಳು ಅಲ್ಲಾಡುವುದೆಲ್ಲಿ? ಹಿಂದಿನ ವರ್ಷಗಳಲ್ಲಿ ಮಾತಿಗೆ ಬಂದಿದ್ದ ಎರಡನೆಯ ಅಂಗಡಿ, ಹೊಸ ಎರಕದ ಒಲೆ, ಬಣ್ಣದ ಬೀಗ, ಯಾವುದನ್ನೂ ಇವರು ಬೇಡವೆಂದದ್ದಿಲ್ಲ. ‘ಮುಂದಿನ ಸೋಮವಾರ ನೋಡೋಣ’ ಎಂದಿದ್ದರು, ಅಷ್ಟೇ. ಕಾರ್ಖಾನೆ ನಿಂತಲ್ಲೇ ನಿಂತದ್ದು ಜಗಳದಿಂದಲ್ಲ, ಒಬ್ಬರನ್ನೊಬ್ಬರು ಅತಿಯಾಗಿ ಅರ್ಥ ಮಾಡಿಕೊಂಡದ್ದರಿಂದ.

ಮರುದಿನ ಇದನ್ನು ಕೇಳಿದ ಗೈಡು ಕುರ್ಚಿಯಿಂದ ಎದ್ದೇಬಿಟ್ಟರು. ಹಳೆಯ ಸಿದ್ಧಾಂತ ಹೋಯಿತೆಂಬ ದುಃಖ ಅವರಿಗೆ ಅರೆಗಳಿಗೆಯೂ ಇರಲಿಲ್ಲ. ಇದು ಅದಕ್ಕಿಂತ ಚೆಂದವಿತ್ತು. ಸಮ್ಮೇಳನದವರಿಗೆ ಅಧ್ಯಾಯ ಬದಲಾಗಿದೆಯೆಂದು ತಾವೇ ಹೇಳುವುದಾಗಿ ಮಾತು ಕೊಟ್ಟರು. ಬಿಲ್ಡರಿಗೆ ಈ ಸೋಮವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು, ಅದಕ್ಕೆ ಮುಂದೆ ಅವನು ಕಾಯುವವನಲ್ಲ. ಇಂಥ ಗಳಿಗೆಯಲ್ಲೂ ಬೀಗರು ನಿರ್ಧಾರ ಮಾಡಲಾರರು ಎಂದು ಯಾಕಮ್ಮ ಮೊದಲೇ ಬರೆದಿಟ್ಟು, ಅದು ಹಾಗೇ ನಡೆದುಬಿಟ್ಟರೆ, ಆಮೇಲೆ ಪರೀಕ್ಷಕರು ಅಲ್ಲಾಡಿಸಲಾಗದ ಪುರಾವೆ.

“ಅಂದರೆ, ಒಂದು ಅರ್ಥದಲ್ಲಿ ನೀನು ಮಾಡಬೇಕಾದ್ದು ಏನೂ ಇಲ್ಲಮ್ಮ,” ಎಂದರು. “ಸ್ಟೂಲ್ ಮೇಲೆ ಕೂತ್ಕೋ. ಬಾಯಿಗೆ ಬೀಗ ಹಾಕ್ಕೋ. ಅಳೆಯೋ ವಸ್ತುನ ಮುಟ್ಟಿದರೆ ಅಳತೆ ಕೆಟ್ಟಹಾಗೆ. ಇನ್ನೊಂದು ಗಡುವು ಕೊಡಿಸೋದು ನನ್ನ ಕೈಲಿಲ್ಲ.”

ಅವಳು ತಲೆಯಾಡಿಸಿದಳು. ಸುಮ್ಮನಿರುವುದೇನು ಮಹಾ ಎಂದುಕೊಂಡಳು. ಯಾಕಮ್ಮನಿಗೆ ತನ್ನ ಬಗ್ಗೆ ತಿಳಿದದ್ದು ಅಷ್ಟಕ್ಕಷ್ಟೇ.

ಸೋಮವಾರ ಗಾಜಿನ ಕೋಣೆಯ ಆಚೆ ಪಾಲಿಶ್ ಚಕ್ರ ಗುಂಯ್‌ಗುಡುತ್ತಿತ್ತು. ಮೇಜಿನ ಮೇಲೆ ಬಿಲ್ಡರು ಕಳಿಸಿದ್ದ ಬಾಗಿಲಿನ ಮಾದರಿಯೊಂದು ಮಲಗಿತ್ತು, ಬೀಗದ ಜಾಗದಲ್ಲಿ ತೂತು. ಅಧ್ಯಾಯದ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೀಗರ ಕಡೆಯವರಂತೆ ನಡೆಸಿಕೊಂಡು, ಬಾಮ್ಮ, ಕೂರಮ್ಮ, ಎಂದರು. ಆಮೇಲೆ ಶುರುವಾಯಿತು. ಸಣ್ಣ ಬೀಗರು ಗಂಟಲಲ್ಲಿ ಲಾರಿ ಹೊರಡಿಸಿ, ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದರು. ದಪ್ಪ ಬೀಗರು ಇಲ್ಲದ ಕನ್ನಡಕ ಒರೆಸಿ, ಅಷ್ಟು ದೂರ ಯಾರು ಓಡಾಡುವವರು ಬೀಗರೇ ಎಂದರು. ಅವರು ಇವರ ಮಾತಿಗೆ ತಲೆದೂಗಿದರು, ಇವರು ಅವರ ಮಾತಿಗೆ. ಎಲ್ಲವೂ ಯಾಕಮ್ಮ ಬರೆದಿಟ್ಟಂತೆಯೇ ನಡೆಯುತ್ತಿತ್ತು. ಮಧ್ಯಾಹ್ನ ಹತ್ತಿರವಾದಾಗ ದಪ್ಪ ಬೀಗರ ಮುಖದಲ್ಲಿ, ಓಡಾಡುವುದು ಕಷ್ಟವೇ ಎಂಬ ನಂಬಿಕೆ ಕಣ್ಣಿಗೆ ಕಾಣುವಂತೆ ಇಳಿಯತೊಡಗಿತು. ಇನ್ನೊಂದು ಗಳಿಗೆ. ಆಮೇಲೆ ‘ಮುಂದಿನ ಸೋಮವಾರ’ ಎಂಬ ಮಾತು ಯಾರಾದರೊಬ್ಬರ ಬಾಯಿಂದ ಬರುವುದು, ಅವಳು ಡಾಕ್ಟರಾಗುವಳು.

ಅವಳಿಗೆ ಇವರ ಮೇಲೆ ಕನಿಕರವೇನೂ ಉಕ್ಕಲಿಲ್ಲ. ಉಕ್ಕಿದ್ದು ಬೇರೆಯೇ. ಇಷ್ಟು ವರ್ಷ ಯಾರೂ ಕೇಳದ ಒಂದು ವಿಷಯ, ಈ ಇಬ್ಬರ ಸ್ವಂತ ಮಾತು, ಕೈ ಚಾಚುವಷ್ಟು ಹತ್ತಿರವಿತ್ತು. ಅದು ಹೇಗಿದ್ದೀತು ಎಂಬ ತುರಿಕೆಯನ್ನು ಅವಳಿಂದ ತಡೆಯಲಾಗಲಿಲ್ಲ.

“ಒಂದು ಪ್ರಶ್ನೆ,” ಎಂದಳು. “ಇವತ್ತೊಂದು ದಿನ ನಿಮ್ಮ ನಿಮ್ಮ ಮಾತು ನೀವೇ ಆಡಿದರೆ ಏನಾಗುತ್ತೆ?”

 ಅಳತೆ ಕೆಟ್ಟಿತ್ತು.

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕಮ್ಮ ಇನ್ನು ಮುಚ್ಚಿಡುವುದೇನಿದೆ ಎಂದು, ತಟ್ಟೆಗಳು ಜಾಗ ಬದಲಿಸುವ ಕಥೆಯನ್ನು ಬುಧವಾರಗಳ ಸಮೇತ ಹೇಳಿಬಿಟ್ಟಳು. ಕೇಳಿ ದಪ್ಪ ಬೀಗರು ಬಾಗಿಲಿನ ತೂತಿನಲ್ಲಿ ಬೆರಳಾಡಿಸಿದರು. ಆಮೇಲೆ ಬಾಯಿ ತೆರೆದರೆ, ಬಂದದ್ದು ಮೂಗಿನ ದನಿ.

“ಅದು ನಂದು ಬೀಗರೇ,” ಎಂದರು ಸಣ್ಣ ಬೀಗರು. “ನಿಮ್ದು ತೆಗೀರಿ.”

ದಪ್ಪ ಬೀಗರು ಕೆಮ್ಮಿದರು. “ಹೂಂ. ನನಗೆ ಶೆಡ್ಡು ಬೇಕು. ಲಾಭ ಗೀಬ ಅಂತ ನೀವು ನನ್ನ ಪರವಾಗಿ ಏನೇನೋ ಹೇಳ್ತೀರಿ, ಚೆನ್ನಾಗೇ ಹೇಳ್ತೀರಿ. ನನಗೆ ಅದಲ್ಲ. ಒಂದು ಬೀದೀಲಿ ಈ ತುದಿಯಿಂದ ಆ ತುದಿಗೆ ನಡ್ಕೊಂಡು ಹೋಗಬೇಕು, ಎಲ್ಲಾ ಬಾಗಿಲಲ್ಲೂ ನಮ್ಮ ಬೀಗ ಇರಬೇಕು. ನೋಡಬೇಕು ಅಂತ ಆಸೆ. ಅಷ್ಟೇ ಕಣ್ರೀ.” ಮೇಜು ಬಡಿಯಲು ಎತ್ತಿದ ಕೈಯನ್ನು ನಾಚಿಕೆಯಿಂದ ಹಾಗೇ ಇಳಿಸಿದರು.

ಸಣ್ಣ ಬೀಗರು ಕನ್ನಡಕ ತೆಗೆದರು, ಒರೆಸಲಿಲ್ಲ. “ಓಡಾಟದ ಕಷ್ಟ ಅಂತ ನೀವು ನನ್ನ ಪರವಾಗಿ ಹೇಳ್ತೀರಿ. ನಾನು ಹೇಳಿದ್ದೂ ಹಾಗೇನೇ. ಓಡಾಟ ಏನ್ರೀ ಕಷ್ಟ? ಎರಡು ಶೆಡ್ಡಾದರೆ ಅಲ್ಲಿ ಒಬ್ಬರು ಕೂರಬೇಕು, ಇಲ್ಲಿ ಒಬ್ಬರು. ನಿಮಗೆ ಹೊಸದು ಅಂದ್ರೆ ಹುಚ್ಚು, ಹೋಗಿ ಅಲ್ಲೇ ಬೇರು ಬಿಡ್ತೀರಿ. ಈ ಮೇಜಿಗೆ ನಾನು ಯಾರ ಜೊತೆ ಕೂರಲಿ?”

ಯಾಕಮ್ಮ ಫೋನು ನೋಡಿದಳು. ರೆಕಾರ್ಡ್ ಆಗುತ್ತಿತ್ತು. ಅದನ್ನು ನಿಲ್ಲಿಸಿದಳು. ಯಾಕೆಂದು ಅವಳನ್ನು ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ.

 ದಪ್ಪ ಬೀಗರು, ತಮಗೆ ಇದು ಹೊಳೆದೇ ಇರಲಿಲ್ಲ ಎಂದರು. ಇಷ್ಟು ವರ್ಷ ನಿಮ್ಮ ಬಾಯಾಗಿದ್ದೆ, ನಿಮ್ಮ ಹೊಟ್ಟೆಯೊಳಗಿನದು ಕಾಣಲಿಲ್ಲವಲ್ಲ, ಎಂದು ಪೇಚಾಡಿದರು. ಹಾಗಾದರೆ ಶೆಡ್ಡು ಬೇಡವೇ ಬೇಡ, ಬಿಲ್ಡರಿಗೆ ಈಗಲೇ ಹೇಳಿಬಿಡುತ್ತೇನೆಂದು ಫೋನಿಗೆ ಕೈ ಹಾಕಿದರು. ಸಣ್ಣ ಬೀಗರು ಆ ಕೈ ಹಿಡಿದರು.

“ಮತ್ತೆ ನನ್ನ ಕಡೆ ವಾಲ್ಕೊಂಡ್ರಲ್ಲ. ಕೇಳಿ. ಶೆಡ್ಡು ಹಾಕೋಣ. ಆದ್ರೆ ಹೊಸ ಶೆಡ್ಡಿಗೆ ಹೋಗೋದು ನಾನು. ನೀವು ಹೋದ್ರೆ ಬರಲ್ಲ. ನಾನಾದ್ರೆ ಮಧ್ಯಾಹ್ನ ಊಟಕ್ಕೆ ಇಲ್ಲಿಗೇ ಬರ್ತೀನಿ.”

ಬಿಲ್ಡರಿಗೆ ಫೋನು ಹೋಯಿತು. ‘ಮುಂದಿನ ಸೋಮವಾರ’ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಕೆಲವು ವಾರ ತಪ್ಪಿಸಿಕೊಂಡು ಓಡಾಡಿ, ಕೊನೆಗೆ ಗೈಡಿನ ಕೋಣೆಯಲ್ಲಿ ಯಾಕಮ್ಮ ನಡೆದದ್ದನ್ನು ತಲೆ ತಗ್ಗಿಸಿ ಹೇಳಿದಳು. ಅವರು ‘ಅಂದರೆ’ಯನ್ನೂ ‘ಒಂದು ಅರ್ಥ’ವನ್ನೂ ಬಿಟ್ಟು ನೇರವಾಗಿ ಬೈದರು. ಮುಟ್ಟಬೇಡವೆಂದರೆ ಮುಟ್ಟಿದೆ, ಅಧ್ಯಾಯ ಸತ್ತಿತು, ನಿನ್ನ ಪುರಾವೆಗೆ ನೀನೇ ಎಳ್ಳುನೀರು ಬಿಟ್ಟೆ, ಸಮ್ಮೇಳನಕ್ಕೆ ಈಗ ನಾನು ಯಾವ ಮುಖ ತೋರಿಸಲಿ, ಹೀಗೆ. ಅವಳು ಕೇಳಿಸಿಕೊಂಡಳು. ಸಮ್ಮೇಳನಕ್ಕೆ ಬರುವುದಿಲ್ಲವೆಂದು ತಾನೇ ಬರೆದು ಕಳಿಸುತ್ತೇನೆಂದಳು. ಎದ್ದು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ದನಿ ಬಂತು: ಆಮೇಲೆ ಏನಾಯಿತು?

ಏನಾಯಿತೆಂದರೆ, ಎಂದಳು ಯಾಕಮ್ಮ.

ಹೊಸ ಶೆಡ್ಡಿನ ತಳಪಾಯ ಬಿದ್ದ ವಾರವೇ ಹಲ್ಲಿನ ಡಾಕ್ಟರು, ಅಂದರೆ ಸಣ್ಣ ಬೀಗರ ಮಗಳು, ಅವಳಿಗೆ ಫೋನು ಮಾಡಿದ್ದಳು. ಏನು ಮಾಡಿದ್ದೀರಿ ನಮ್ಮಪ್ಪನಿಗೂ ಮಾವನಿಗೂ, ಇಷ್ಟು ವರ್ಷ ಹಾಲು ಸಕ್ಕರೆಯಂತಿದ್ದವರು ಶೆಡ್ಡಿನ ಗೇಟು ಯಾವ ಕಡೆ ಇರಬೇಕೆಂದು ಬಾಯಿಗೆ ಬಂದಂತೆ ಕೂಗಾಡುತ್ತಿದ್ದಾರೆ, ನಾನೂ ನಮ್ಮೆಜಮಾನರೂ ಕ್ಲಿನಿಕ್ಕಿನಲ್ಲಿ ನರ್ಸಿನ ಮೂಲಕ ಮಾತಾಡುವ ಹಾಗಾಗಿದೆ, ಎಂದು ದೂರಿದಳು. ಶೆಡ್ಡಿನ ಕೆಲಸ ನಿಂತಿದೆಯೇ ಎಂದು ಯಾಕಮ್ಮ ಕೇಳಿದಳು. ಅದೊಂದು ನಿಂತಿಲ್ಲ ನೋಡಿ, ಎಂದಳು ಡಾಕ್ಟರು.

ಗೈಡು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತಿದ್ದರು. ಹಾಗಾದರೆ ಬೆಳೆಯುವುದಕ್ಕೆ ಜಗಳವೇ ಬೇಕು ಅನ್ನುತ್ತೀಯಾ? ಗೊತ್ತಿಲ್ಲ ಸರ್, ಎಂದಳು ಅವಳು. ಗೇಟು ಯಾವ ಕಡೆ ಬಂತು? ಅದೂ ಗೊತ್ತಿಲ್ಲ, ಇವತ್ತು ಹೋಗಿ ನೋಡಬೇಕು. ಅವರು ಕಿಟಕಿಯ ಕಡೆ ನೋಡಿ ಗೊಣಗಿದರು: ಇನ್ನೊಂದು ಗಡುವು ಕೇಳಿ ನೋಡುತ್ತೇನೆ, ಕೊಡಲಿಕ್ಕಿಲ್ಲ, ಕೊಟ್ಟರೆ ನಿನ್ನ ಪುಣ್ಯ, ಈಗ ಹೋಗು, ಬಸ್ಸು ತಪ್ಪೀತು.

ಅವಳು ಹೋದಾಗ ಹೊಸ ಶೆಡ್ಡಿನ ಮುಂದೆ ಜಲ್ಲಿ ರಾಶಿ, ಸಿಮೆಂಟಿನ ಧೂಳು. ಗೇಟಿಗೆಂದು ಎರಡು ಕಡೆಯೂ ಗುಂಡಿ ತೋಡಿ ಬಿಟ್ಟಿದ್ದರು. ಸಣ್ಣ ಬೀಗರು ಅಳತೆ ಟೇಪು ಹಿಡಿದು ತಮ್ಮದೇ ಮೂಗಿನಿಂದ ಕಿರುಚುತ್ತಿದ್ದರು. ದಪ್ಪ ಬೀಗರು, ಇಲ್ಲಿಗೆ ಬರಬಾರದೆಂದು ಒಪ್ಪಿದ್ದವರು, ಹೇಗೋ ಬಂದು ನಿಂತು ತಮ್ಮದೇ ಗಂಟಲಿನಿಂದ ಗುಡುಗುತ್ತಿದ್ದರು. ಇವಳನ್ನು ಕಂಡು ಇಬ್ಬರೂ ಒಟ್ಟಿಗೇ ಸುಮ್ಮನಾದರು. ಅಷ್ಟರಲ್ಲಿ ಊಟದ ಹೊತ್ತಾಯಿತು. ಸಣ್ಣ ಬೀಗರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಮಾತಿಲ್ಲದೆ ಕಾರ್ಖಾನೆಯ ವ್ಯಾನಿನ ಮುಂದಿನ ಸೀಟಿಗೆ ಹತ್ತಿದರು. ದಪ್ಪ ಬೀಗರು ಅತ್ತ ಮುಖ ಮಾಡಿಕೊಂಡು ಸ್ಟೇರಿಂಗ್ ಹಿಡಿದರು.

“ನಡುವೆ ಕೂರಮ್ಮ,” ಎಂದರು ಒಬ್ಬರು.

“ಜಾಗ ಇದೆ,” ಎಂದರು ಇನ್ನೊಬ್ಬರು.

ಯಾಕಮ್ಮ ಇಬ್ಬರು ಬೀಗರ ನಡುವೆ ಇಕ್ಕಟ್ಟಾಗಿ ಕೂತಳು. ವ್ಯಾನು ಜಲ್ಲಿಯ ಮೇಲೆ ಕುಲುಕುತ್ತ ಹೊರಟಿತು.  ಕಾರ್ಖಾನೆ ತಲುಪಿ, ಆ ಮೇಜಿನ ಮೇಲೆ ಡಬ್ಬಿ ಬಿಚ್ಚುವಾಗ ಯಾರು ಮೊದಲು ಮಾತಾಡಿಯಾರು, ಏನೆಂದಾರು ಎಂದು ಅವಳು ದಾರಿಯುದ್ದಕ್ಕೂ ಒಮ್ಮೆ ಈ ಕಡೆಯ ಮುಖ, ಒಮ್ಮೆ ಆ ಕಡೆಯ ಮುಖ ನೋಡುತ್ತಿದ್ದಳು.